ನೆಫರ್ತಾರಿ ಗೋರಿಯ ಗೋಡೆ: ಜಿಪ್ಸಂ ಮೇಲೆ ಜಾಲಿ ಅಂಟಿನ ಬಣ್ಣ ನಿಂತ ಬಗೆ

ಈಜಿಪ್ಟಿನ ರಾಣಿ ನೆಫರ್ತಾರಿಯ ಗೋರಿಯ ಗೋಡೆಚಿತ್ರವನ್ನು ಅದೇ ಪದ್ಧತಿಯಲ್ಲಿ ಮನೆಯೊಳಗೆ ಮಾಡಲು ಹೊರಟೆ. ಸುಣ್ಣದ ಗಾರೆ ಇಲ್ಲದೆ ಗೋಡೆಚಿತ್ರ ನಿಲ್ಲುವುದಿಲ್ಲ, ಅಂಟು ಕಲಸಿದ ಬಣ್ಣ ಆರು ತಿಂಗಳಲ್ಲಿ ಹಿಟ್ಟಾಗಿ ಉದುರುತ್ತದೆ ಎಂದು ಗಾರೆ ಕೆಲಸದವರೂ ಹೇಳಿದರು, ಚಿತ್ರ ಬರೆಯುವವರೂ ಹೇಳಿದರು. ಐದಡಿ ಎತ್ತರ, ನಾಲ್ಕಡಿ ಅಗಲದ ನನ್ನ ನಾಲ್ಕನೆಯ ಫಲಕ ಈಗ ಎರಡು ಮಳೆಗಾಲ ಕಂಡಿದೆ. ಬೆರಳಿನಿಂದ ಉಜ್ಜಿದರೆ ಬಣ್ಣ ಅಂಟುವುದಿಲ್ಲ, ಎಲ್ಲಿಯೂ ಪದರ ಎದ್ದಿಲ್ಲ. ಒಳಮನೆಯ ಗೋಡೆ ಅದು, ಮಳೆ ನೀರು ತಾಗುವುದಿಲ್ಲ. ಹೊರಗೋಡೆಗೆ ಜಿಪ್ಸಂ ಹಚ್ಚಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹಿಂದಿನ ಮೂರು ಫಲಕ ಹಾಳಾದಾಗಲೂ ತಪ್ಪನ್ನು ಬಣ್ಣದಲ್ಲೇ ಹುಡುಕುತ್ತಿದ್ದೆ. ತಪ್ಪು ಇದ್ದದ್ದು ಬಣ್ಣದ ಕೆಳಗೆ.

ಮೊದಲು ಯಾವ ಗೋರಿಯ ಪದ್ಧತಿ ಹಿಡಿಯಬೇಕು ಎನ್ನುವುದು. ಈಜಿಪ್ಟಿನ ದೊರೆಗಳನ್ನು ಹೂತ ರಾಜರ ಕಣಿವೆಯ ಎಲ್ಲ ಗೋರಿಗಳಲ್ಲೂ ಒಂದೇ ರೀತಿ ಕೆಲಸ ಆಗಿಲ್ಲ. ಹೋರೆಮ್‌ಹೆಬ್‌ ದೊರೆಗಿಂತ ಮೊದಲಿನವು ಬರೀ ಬಣ್ಣದ ಗೋಡೆಗಳು. ಆ ಕಣಿವೆಯಲ್ಲಿ ಉಬ್ಬುಕೆತ್ತನೆ ಶುರುವಾದದ್ದು ಅವನ ಗೋರಿಯಿಂದ. ಅದು ಪೂರ್ತಿಯಾಗದೆ ನಿಂತದ್ದು ನಮ್ಮಂಥವರ ಪುಣ್ಯ. ಕೆಂಪು ಚೌಕದ ಗೆರೆ, ಕೆಂಪು ಕರಡು, ಅದರ ಮೇಲೆ ಕಪ್ಪಿನಲ್ಲಿ ಹಿರಿಯ ಕೈಯ ತಿದ್ದುಪಡಿ, ಅರ್ಧ ಕೆತ್ತಿದ ಆಕೃತಿ, ಬಣ್ಣ ಮುಗಿದ ಗೋಡೆ, ಎಲ್ಲ ಹಂತವೂ ಅಲ್ಲೇ ಕಾಣುತ್ತದೆ. ಕೆಲಸದ ಸರದಿ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಒಂದನೆಯ ಸೇತಿಯ ಗೋರಿಯಲ್ಲಿ ಕಲ್ಲು ಚೆನ್ನಾಗಿತ್ತು, ಬಹುಪಾಲು ನೇರ ಸುಣ್ಣಕಲ್ಲಿನಲ್ಲೇ ಕೆತ್ತಿದರು. ರಾಣಿಯರ ಕಣಿವೆಯಲ್ಲಿ ಎರಡನೆಯ ರಾಮ್ಸೆಸ್‌ನ ರಾಣಿ ನೆಫರ್ತಾರಿಯ ಗೋರಿ ಕೊರೆದಾಗ ಸಿಕ್ಕಿದ್ದು ಬಿರುಕು ಬಿಟ್ಟ ಬಂಡೆ. ಹಾಗಾಗಿ ದಪ್ಪ ಗಾರೆ ಮೆತ್ತಿ, ಆ ಗಾರೆಯಲ್ಲೇ ಉಬ್ಬು ತೆಗೆದು ಬಣ್ಣ ಹಾಕಿದರು. ಅಂಥ ಚಿತ್ರ ಅಲ್ಲಿ ಸುಮಾರು 520 ಚದರ ಮೀಟರ್ ಇದೆ. ಇಟ್ಟಿಗೆ ಗೋಡೆ ಇಟ್ಟುಕೊಂಡ ನಮಗೆ ಒಗ್ಗುವುದು ಇದೇ.

ಇದು ತಿಳಿಯುವ ಮುಂಚೆ ಕಲ್ಲಿಗೆ ದುಡ್ಡು ಸುರಿದೆ. ಶಹಾಬಾದ್ ಕಲ್ಲು ಹೆಸರಿಗೆ ಸುಣ್ಣಕಲ್ಲೇ, ಆದರೆ ಆ ಗೋರಿಗಳಿರುವ ಥೀಬ್ಸ್‌ನ ಕಲ್ಲಿನ ಮೃದುತನ ಅದರಲ್ಲಿಲ್ಲ. ಉಳಿ ಇಟ್ಟ ಕಡೆ ಕತ್ತರಿಸದೆ ಪದರಪದರವಾಗಿ ಸಿಡಿಯುತ್ತದೆ. ಎರಡು ಚಪ್ಪಡಿ, ಉಳಿ ಸಾಣೆ, ಸಾಗಾಣಿಕೆ ಸೇರಿ 4,500 ರೂಪಾಯಿ ಹೋಯಿತು. ಆಮೇಲೆ ಬಳಪದ ಕಲ್ಲು. ಕೆತ್ತಲು ಬೆಣ್ಣೆ, ಹೊಯ್ಸಳರ ಶಿಲ್ಪಿಗಳು ಸುಮ್ಮನೆ ಅದನ್ನು ಆರಿಸಲಿಲ್ಲ. ಆದರೆ ನೀರು ಹೀರುವುದಿಲ್ಲ, ಅಂಟಿನ ಬಣ್ಣ ಮೇಲೆ ಕೂತು ಒಣಗಿ ಸಿಪ್ಪೆಯಾಗಿ ಎದ್ದಿತು. ಅಲ್ಲೊಂದು 3,000.

ಇನ್ನು ಗೋಡೆ. ಒಳಪದರಕ್ಕೆ ಈಜಿಪ್ಟಿನವರು ಬಳಸಿದ್ದು ಮಣ್ಣು, ಹುಲ್ಲು, ಸುಣ್ಣಕಲ್ಲಿನ ಚೂರು. ನಾನು ಮೊದಲ ಸಲ ಎರೆಮಣ್ಣು ತಂದೆ. ಒಣಗುವಾಗ ಬೆರಳು ತೂರುವಷ್ಟು ಬಿರುಕು. ಎರಡನೆಯ ಸಲ ಕೆರೆಗೋಡು ಒಂದು ಪಾಲು, ಜರಡಿ ಹಿಡಿದ ಮರಳು ಎರಡು ಪಾಲು, ಬೆರಳುದ್ದ ಕತ್ತರಿಸಿದ ಭತ್ತದ ಹುಲ್ಲು ಅರ್ಧ ಪಾಲು, ಕಡಲೆಕಾಳಿನಷ್ಟು ದಪ್ಪದ ಸುಣ್ಣಕಲ್ಲಿನ ಚೂರು ಅರ್ಧ ಪಾಲು, ಎಲ್ಲ ಬುಟ್ಟಿ ಲೆಕ್ಕ. ಕಲಸಿ, ಗೋಣಿ ಹೊದಿಸಿ, ಎಂಟು ಹತ್ತು ದಿನ ಕೊಳೆಯಲು ಬಿಡಬೇಕು. ವಾಸನೆ ಬಂದರೆ ಹದ ಬಂದಿದೆ ಎಂದರ್ಥ. ಇಟ್ಟಿಗೆಯ ಸಂದುಗಳನ್ನು ಕೆರೆದು, ನೀರು ಚಿಮುಕಿಸಿ, ಒಂದು ಅಂಗುಲಕ್ಕಿಂತ ಕಡಿಮೆ ದಪ್ಪ ಎಸೆದು ಮೆತ್ತಬೇಕು. ಕರಣೆಯಿಂದ ನುಣುಪು ಮಾಡಬಾರದು, ಕೈಬೆರಳ ಗೀರು ಉಳಿಯಲಿ, ಮೇಲಿನ ಪದರಕ್ಕೆ ಹಿಡಿತ ಬೇಕು.

ಅವಸರ ಮಾಡಿದ್ದು ಇಲ್ಲಿ. ಮೇಲೆ ಮುಟ್ಟಿದರೆ ಒಣಗಿದಂತಿತ್ತು, ಒಂಬತ್ತನೆಯ ದಿನ ಜಿಪ್ಸಂ ಎಳೆದೆ. ಒಳಗಿನ ಹಸಿ ಹುಲ್ಲಿನ ಕಂದು ನೀರು ಬಿಳಿ ಗಾರೆಯ ಮೇಲೆ ಕಲೆಯಾಗಿ ಇಳಿಯಿತು. ಈಗ ಮೂರು ವಾರ ಬಿಡುತ್ತೇನೆ, ಮಳೆಗಾಲವಾದರೆ ಐದು.

ಮೂರನೆಯ ಫಲಕ ಹೋದದ್ದು ಉಪ್ಪಿನಿಂದ. ಬೋರ್‌ವೆಲ್ ನೀರು, ತೊಳೆಯದ ಮರಳು. ಬಣ್ಣ ಮುಗಿದು ಆರು ವಾರಕ್ಕೆ ಬಿಳಿ ಹೂವು ಅರಳಿದಂತೆ ಉಪ್ಪು ಮೇಲೆ ಬಂತು. ಹಿಂದೆಯೇ ಅಂಗೈಯಷ್ಟು ಗಾರೆ ಉಬ್ಬಿ ಬಿತ್ತು. ನೆಫರ್ತಾರಿಯ ಗೋಡೆಗಳನ್ನು ತಿಂದದ್ದೂ ಇದೇ ಉಪ್ಪು. ಬಂಡೆಯಲ್ಲೂ ಗಾರೆಯಲ್ಲೂ ಇದ್ದ ಉಪ್ಪು ತೇವದಲ್ಲಿ ಕರಗಿ, ಗಾರೆಯ ಹಿಂದೆ ಹರಳುಗಟ್ಟಿ, ಚಿತ್ರವನ್ನು ಹೊರಕ್ಕೆ ತಳ್ಳಿತ್ತು. 1904ರಲ್ಲಿ ಇಟಲಿಯ ಪುರಾತತ್ತ್ವಜ್ಞ ಸ್ಕಿಯಾಪರೆಲ್ಲಿ ಗೋರಿ ತೆರೆಯುವ ಹೊತ್ತಿಗಾಗಲೇ ಹಾನಿ ಆಗಿತ್ತು. 1986ರಿಂದ 1992ರವರೆಗೆ ಈಜಿಪ್ಟಿನ ಪುರಾತತ್ತ್ವ ಇಲಾಖೆಯೂ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ಸೇರಿ ಅದನ್ನು ಉಳಿಸಿದವು. ನನ್ನ ಗೋಡೆಗೆ ಪರಿಹಾರ ಸುಲಭವಿತ್ತು: ಮರಳನ್ನು ನಾಲ್ಕು ಸಲ ತೊಳೆದೆ, ಕಲಸಲು ಮಳೆನೀರನ್ನೇ ಹಿಡಿದಿಟ್ಟೆ.

ಮೇಲಿನ ಬಿಳಿ ಗಾರೆಗೆ ಬರೀ ಪಿಒಪಿ, ಅಂದರೆ ಅಂಗಡಿಯಲ್ಲಿ ಸಿಗುವ ಸುಟ್ಟ ಜಿಪ್ಸಂ ಪುಡಿ, ಬೇಡ. ಹತ್ತು ನಿಮಿಷದಲ್ಲಿ ಕಲ್ಲಾಗುತ್ತದೆ, ಕೆತ್ತಿದರೆ ಅಂಚು ಮುರಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕೆಳಗಿನ ಮಣ್ಣಿಗಿಂತ ತೀರಾ ಗಟ್ಟಿ. ಈಜಿಪ್ಟಿನ ಜಿಪ್ಸಂ ಶುದ್ಧವಲ್ಲ, ಸುಣ್ಣಕಲ್ಲಿನ ಪುಡಿ ಬೆರೆತದ್ದು. ಅದನ್ನು ನೆನಪಿಟ್ಟು ಒಂದು ಪಾಲು ಪಿಒಪಿಗೆ ಎರಡು ಪಾಲು ಸುಣ್ಣಕಲ್ಲಿನ ನುಣ್ಣನೆ ಪುಡಿ ಬೆರೆಸಿದೆ. ಗಟ್ಟಿಯಾಗುವುದನ್ನು ಮುಂದೂಡಲು ನೀರಿಗೆ ಒಂದು ವಸ್ತು ಹಾಕುತ್ತೇನೆ. ಅಡುಗೆಮನೆಯಲ್ಲಿ ಸಿಗುವಂಥದ್ದು ಎಂದಷ್ಟು ಹೇಳಬಲ್ಲೆ, ಉಳಿದದ್ದು ನನ್ನಲ್ಲೇ ಇರಲಿ. ನಲವತ್ತು ನಿಮಿಷ ಕೈಗೆ ಸಿಗುತ್ತದೆ. ದಪ್ಪ ಹತ್ತು ಮಿಲಿಮೀಟರ್, ಎರಡು ಸಲಕ್ಕೆ. ಫಲಕಕ್ಕೆ ಪುಡಿ ಒಟ್ಟು 25 ಕಿಲೋ ಹತ್ತಿರ ಬೇಕಾಯಿತು.

ಬಲವೆಲ್ಲ ಕೆಳಗಿರಬೇಕು, ಮೇಲೆ ಹೋದಂತೆ ಸಡಿಲವಾಗಬೇಕು. ಇಟ್ಟಿಗೆಗಿಂತ ಮಣ್ಣು ಮೆದು, ಮಣ್ಣಿಗಿಂತ ಬಿಳಿ ಗಾರೆ ಮೆದು, ಗಾರೆಗಿಂತ ಬಣ್ಣದ ಅಂಟು ಮೆದು. ಮೇಲಿನದು ಗಟ್ಟಿಯಾದರೆ ಒಣಗಿ ಕುಗ್ಗುವಾಗ ಕೆಳಗಿನದನ್ನು ಕಿತ್ತುಕೊಂಡೇ ಏಳುತ್ತದೆ.

ಚೌಕದ ಗೆರೆಗೆ ಕಾವಿ ನೀರಿನಲ್ಲಿ ಅದ್ದಿದ ಹತ್ತಿ ದಾರ, ತೂಗುಗುಂಡು, ಎರಡು ಮೊಳೆ. ದಾರ ಬಿಗಿದು ಎಳೆದು ಬಿಟ್ಟರೆ ಗೆರೆ ಬೀಳುತ್ತದೆ, ಅವರೂ ಹೀಗೇ ಹೊಡೆದದ್ದು. ನಿಂತ ಆಕೃತಿಗೆ ಪಾದದಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ನನ್ನದು ಐದು ಸೆಂಟಿಮೀಟರಿನ ಚೌಕ, ಹಾಗಾಗಿ ಕೂದಲಂಚಿನವರೆಗೆ 90, ಮೇಲೆ ಕಿರೀಟಕ್ಕೆ ಜಾಗ. ಮಂಡಿ ಆರನೆಯ ಗೆರೆ, ಪೃಷ್ಠದ ಕೆಳಗು ಒಂಬತ್ತು, ಹೊಕ್ಕುಳು ಹನ್ನೊಂದು, ಭುಜ ಹದಿನಾರು. ಗಂಡಿನ ಭುಜ ಆರು ಚೌಕ ಅಗಲ, ಹೆಣ್ಣಿಗೆ ನಾಲ್ಕರಿಂದ ಐದು. ಈ ಲೆಕ್ಕವನ್ನೇ ಕಣ್ಣುಮುಚ್ಚಿ ಹಿಡಿದರೆ ನೆಫರ್ತಾರಿ ಕುಳ್ಳಿಯಾಗುತ್ತಾಳೆ. ರಾಮ್ಸೆಸ್‌ರ ಕಾಲದಲ್ಲಿ ಮೈ ಸಪೂರ, ಕಾಲು ಉದ್ದ. ಮಂಡಿಯನ್ನೂ ಸೊಂಟವನ್ನೂ ಅರ್ಧ ಚೌಕ ಮೇಲೆತ್ತಿದ ಮೇಲೆ ಅವಳ ನಿಲುವು ಬಂತು.

ಕೆತ್ತುವುದು ಗಾರೆ ಎಳೆದ ಮರುದಿನ, ಇನ್ನೂ ಒಳಗೆ ತಂಪಿರುವಾಗ. ಗೆರೆಯ ಹೊರಗೆ ನೇರ ಕೊಯ್ದು, ಹಿನ್ನೆಲೆಯನ್ನು ಮೂರು ಮಿಲಿಮೀಟರ್ ಇಳಿಸಿ, ಕೊನೆಗೆ ಅಂಚು ದುಂಡಗೆ ಮಾಡುವುದು. ಸಮಯವೆಲ್ಲ ಹಿನ್ನೆಲೆ ಇಳಿಸುವುದಕ್ಕೇ ಹೋಗುತ್ತದೆ, ನನಗೆ ಹನ್ನೊಂದು ದಿನ. ದಿನಾ ಕೆಲಸ ನಿಲ್ಲಿಸುವಾಗ ಒದ್ದೆ ಬಟ್ಟೆ ತೂಗುಬಿಡಬೇಕು, ಗಾರೆಗೆ ತಾಗದಂತೆ.

ಬಣ್ಣಗಳಲ್ಲಿ ಕೆಂಪು, ಹಳದಿ ಸಮಸ್ಯೆಯಲ್ಲ. ಕಾವಿ ಮತ್ತು ಹಳದಿ ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ಕೆಳಗಿಳಿದ ಮೇಲೆ ತಿಳಿಗೆಸರು ಬಗ್ಗಿಸಿಕೊಂಡರೆ ಆಯಿತು. ಹರಿತಾಳ ಎಂಬ ಹಳದಿ ಖನಿಜವನ್ನು ಈಜಿಪ್ಟಿನವರು ಬಳಸುತ್ತಿದ್ದರು, ಗ್ರಂಧಿಗೆ ಅಂಗಡಿಯಲ್ಲಿ ಸಿಗುವುದೂ ಉಂಟು. ಅದು ಆರ್ಸೆನಿಕ್, ಅರೆಯಲು ಹೋಗಬೇಡಿ. ಕಾಡಿಗೆ ನೀರಿನ ಮೇಲೆ ತೇಲುತ್ತದೆ, ಮೊದಲು ಅಂಟಿನಲ್ಲೇ ಅರೆದು ಆಮೇಲೆ ನೀರು ಹಾಕಬೇಕು.

ದುಡ್ಡು ತಿಂದದ್ದು ನೀಲಿ. ಈಜಿಪ್ಟಿನ ನೀಲಿ ಗಣಿಯಿಂದ ಬಂದದ್ದಲ್ಲ, ಬೇಯಿಸಿ ಮಾಡಿದ್ದು. ತಾಮ್ರಕ್ಕೆ ನಾನು ಹಿಡಿದದ್ದು ಅಡಿಕೆ ತೋಟದ ಬೋರ್ಡೋ ದ್ರಾವಣದ ಮೈಲುತುತ್ತ. 250 ಗ್ರಾಂ ಮೈಲುತುತ್ತವನ್ನು ಬಿಸಿನೀರಿನಲ್ಲಿ ಕರಗಿಸಿ, ವಾಷಿಂಗ್ ಸೋಡಾ ನೀರನ್ನು ನೊರೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಸುರಿದರೆ ಹಸಿರು ಗಸಿ ಇಳಿಯುತ್ತದೆ. ಆರು ಸಲ ತೊಳೆದು ಒಣಗಿಸಿದರೆ 105ರಿಂದ 110 ಗ್ರಾಂ. ಅದಕ್ಕೆ ನುಣ್ಣನೆ ಸಿಲಿಕಾ ಪುಡಿ 240 ಗ್ರಾಂ, ಸುಣ್ಣಕಲ್ಲಿನ ಪುಡಿ 100, ಒಣ ಸೋಡಾ 20ರಿಂದ 25. ಸಿಲಿಕಾ ಅಳೆಯುವಾಗ ಒಳ್ಳೆಯ ಮಾಸ್ಕ್ ಇಲ್ಲದೆ ಕೂರಬೇಡಿ.

ಮೊದಲ ಬೇಯಿಸುವಿಕೆ 1,080 ಡಿಗ್ರಿಗೆ ಹೋಯಿತು, ಬಂದದ್ದು ಕಪ್ಪು ಹಸಿರು ಗಾಜು. ಎರಡನೆಯದು ಇದ್ದಿಲು ಒಲೆಯಲ್ಲಿ ಮುಚ್ಚಿ ಇಟ್ಟದ್ದು, ಗಾಳಿ ಸಾಲದೆ ಇಟ್ಟಿಗೆ ಕೆಂಪಾಯಿತು. ಮೂರನೆಯದರಲ್ಲಿ ಸೋಡಾ ಹೆಚ್ಚಾಗಿ ಹಸಿರು. ನಾಲ್ಕನೆಯದು ಬಾಡಿಗೆಯ ವಿದ್ಯುತ್ ಭಟ್ಟಿ, 920 ಡಿಗ್ರಿ, ಹನ್ನೆರಡು ಗಂಟೆ, ಮುಚ್ಚಳ ತುಸು ಸಡಿಲ. ಮಾಸಲು ನೀಲಿ ಬಂತು. ಅದನ್ನೇ ಅರೆದು, ಉಂಡೆ ಕಟ್ಟಿ ಮತ್ತೆ ಅಷ್ಟೇ ಹೊತ್ತು ಬೇಯಿಸಿದಾಗ ನಿಜವಾದ ಬಣ್ಣ ತೆರೆಯಿತು. ಒಂದು ಸಲದ ಬಾಡಿಗೆ 1,200 ರೂಪಾಯಿ. ಅರೆಯುವಾಗ ಆಸೆ ಬೀಳಬಾರದು: ನುಣ್ಣಗಾದಷ್ಟೂ ಬಿಳಿಚುತ್ತದೆ, ರವೆಯಂತೆ ಕೈಗೆ ಸಿಗುವಾಗಲೇ ನಿಲ್ಲಿಸಿ.

ಇದು ಅಸಲಿಯೋ ಅಲ್ಲವೋ ಎಂದು ಕೇಳಿದವರಿಗಾಗಿ ಒಂದು ಪರೀಕ್ಷೆ ಮಾಡಿದೆ. ಈಜಿಪ್ಟಿನ ನೀಲಿಗೆ ಸಾಮಾನ್ಯ ಬೆಳಕು ಬಿದ್ದರೆ ಅದು 910 ನ್ಯಾನೋಮೀಟರ್ ಆಸುಪಾಸಿನ, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಸೂಸುತ್ತದೆ. ಹಳೆಯ ವೆಬ್‌ಕ್ಯಾಮ್‌ನ ಒಳಗಿನ ಅವಗೆಂಪು ತಡೆಗಾಜು ತೆಗೆದು, ಅವಗೆಂಪನ್ನು ಮಾತ್ರ ಬಿಡುವ ಗಾಜು ಹಚ್ಚಿ, ಕತ್ತಲ ಕೋಣೆಯಲ್ಲಿ ಎಲ್‌ಇಡಿ ದೀಪ ಬಿಟ್ಟೆ. ನನ್ನ ನೀಲಿ ಹಾಲಿನಂತೆ ಹೊಳೆಯಿತು, ಪಕ್ಕದಲ್ಲಿಟ್ಟ ಅಂಗಡಿಯ ಅಲ್ಟ್ರಾಮರೀನ್ ಕಪ್ಪಾಗಿಯೇ ಇತ್ತು. ಆಮೇಲೆ ಆ ಪ್ರಶ್ನೆ ಯಾರೂ ಕೇಳಲಿಲ್ಲ.

ಬಣ್ಣ ಕಲಸಲು ಹಿಡಿದದ್ದು ಅಂಟಿನುಂಡೆಗೆ ಹಾಕುವ ಜಾಲಿ ಅಂಟನ್ನೇ. ನಮ್ಮ ಕರಿಜಾಲಿಯ ಶಾಸ್ತ್ರೀಯ ಹೆಸರಿನಲ್ಲಿ ನೈಲ್ ನದಿಯೇ ಇದೆ, ಅದೇ ಮರ ಈಜಿಪ್ಟಿನಲ್ಲೂ ಬೆಳೆಯುತ್ತದೆ. ಕೊಳ್ಳುವಾಗ ನೀರಿಗೆ ಒಂದು ಹರಳು ಹಾಕಿ ನೋಡಿ. ಪೂರ್ತಿ ಕರಗಿದರೆ ಸರಿ, ಲೋಳೆಯಾಗಿ ಉಬ್ಬಿದರೆ ಅದು ಕತೀರ, ಬಣ್ಣಕ್ಕೆ ಬಾರದು. ನೂರು ಗ್ರಾಂ ಅಂಟು, ಇನ್ನೂರು ಮಿಲಿ ನೀರು, ಎರಡು ಲವಂಗ, ಒಂದು ರಾತ್ರಿ. ಬಟ್ಟೆಯಲ್ಲಿ ಸೋಸಿದ ಈ ದಪ್ಪ ಅಂಟಿಗೆ ಮಣ್ಣಿನ ಬಣ್ಣಕ್ಕಾದರೆ ಮೂರು ಪಾಲು ನೀರು, ನೀಲಿಯ ಕಾಳು ದಪ್ಪವಾದ್ದರಿಂದ ಅದಕ್ಕೆ ಒಂದೂವರೆ ಪಾಲು. ನನ್ನ ಎರಡನೆಯ ಫಲಕದಲ್ಲಿ ಗಟ್ಟಿಯಾಗಿ ಹಿಡಿಯಲೆಂದು ಎಲ್ಲದಕ್ಕೂ ದಪ್ಪ ಅಂಟೇ ಹಾಕಿದ್ದೆ. ಬೇಸಿಗೆಯಲ್ಲಿ ಬಣ್ಣ ಹಪ್ಪಳದಂತೆ ಅಂಚು ಮಡಚಿಕೊಂಡು ಎದ್ದಿತು, ಗಾರೆಯ ಮೇಲ್ಪೊರೆಯನ್ನೂ ಹೊತ್ತುಕೊಂಡು. ಹಿಟ್ಟಾಗಿ ಉದುರುವುದು ಅಂಟು ಕಡಿಮೆಯಾದಾಗ. ಎರಡರ ನಡುವಿನ ಹದವನ್ನು ಪ್ರತಿ ಬಣ್ಣಕ್ಕೂ ಒಂದೊಂದು ತುಂಡು ಗಾರೆಯ ಮೇಲೆ ಹಚ್ಚಿ ನೋಡಿಯೇ ಹಿಡಿಯಬೇಕು.

ಬಿಳಿ ಹಿನ್ನೆಲೆ ಮೊದಲು, ಆಮೇಲೆ ಹಳದಿ, ಕೆಂಪು, ಹಸಿರು, ನೀಲಿ, ಕೊನೆಗೆ ಗೆರೆ. ಒಂದು ಬಣ್ಣವನ್ನು ಇಡೀ ಫಲಕದಲ್ಲಿ ಮುಗಿಸಿಯೇ ಮುಂದಿನದು. ನೀಲಿಗೆ ಕೂದಲಿನ ಕುಂಚ ಕೆಲಸಕ್ಕೆ ಬಾರದು, ಕಾಳು ಒಳಗೆ ಸಿಕ್ಕಿ ನೀರು ಮಾತ್ರ ಇಳಿಯುತ್ತದೆ. ಈಚಲು ಗರಿಯ ದಂಟಿನ ತುದಿಯನ್ನು ನೆನೆಸಿ ಜಜ್ಜಿದರೆ ಬರುವ ನಾರಿನ ಕುಂಚ ಅದಕ್ಕೆ ಹೇಳಿ ಮಾಡಿಸಿದ್ದು. ಕೆನ್ನೆಯ ಕೆಲಸಕ್ಕೆ ಮಾತ್ರ ಸಣ್ಣ ಕುಂಚ ಬೇಕು. ಈಜಿಪ್ಟಿನ ಚಿತ್ರದಲ್ಲಿ ಬಣ್ಣ ಸಪಾಟಾಗಿರುವುದೇ ವಾಡಿಕೆ, ಆದರೆ ನೆಫರ್ತಾರಿಯ ಮುಖದಲ್ಲಿ ಕೆಂಪಿನ ಛಾಯೆ ಕೊಟ್ಟಿದ್ದಾರೆ. ಅದು ಬಿಟ್ಟರೆ ಅವಳ ಮುಖವಾಗುವುದಿಲ್ಲ. ಕೊನೆಯಲ್ಲಿ ಕೆಲವೇ ಜಾಗಕ್ಕೆ ನಾನು ಕೊಡುವ ತೆಳು ಲೇಪ ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ದೀಪದ ವಿಷಯವೂ ಒಮ್ಮೆ ನೋಡಿದೆ. ಗೋರಿ ಕೆಲಸದವರ ಊರಾದ ದೇರ್ ಎಲ್-ಮದೀನಾದಲ್ಲಿ ಸಿಕ್ಕ ಬರಹಗಳಲ್ಲಿ ದಿನಕ್ಕೆ ಎಷ್ಟು ಬತ್ತಿ ಖರ್ಚಾಯಿತೆಂಬ ಲೆಕ್ಕವಿದೆ. ಹೊಗೆಗೆ ಛಾವಣಿ ಕಪ್ಪಾಗದಂತೆ ಬತ್ತಿಗೆ ಉಪ್ಪು ಹಾಕುತ್ತಿದ್ದರೆಂಬ ಮಾತೂ ಇದೆ. ಬಿಳಿ ಪಿಂಗಾಣಿ ತಟ್ಟೆಯನ್ನು ಜ್ವಾಲೆಯಿಂದ ಎರಡಡಿ ಮೇಲೆ ಕಟ್ಟಿ, ಎಳ್ಳೆಣ್ಣೆಯಲ್ಲಿ ಉಪ್ಪು ಹಾಕಿದ್ದು, ಹಾಕದ್ದು ಎರಡನ್ನೂ ಮೂರು ಮೂರು ಗಂಟೆ ಉರಿಸಿದೆ. ಉಪ್ಪಿನಿಂದ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬತ್ತಿಯನ್ನು ಗಿಡ್ಡಗಿಟ್ಟು ಕುಡಿ ಕತ್ತರಿಸುತ್ತಿದ್ದಾಗ ತಟ್ಟೆ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯಿತು. ನೆಫರ್ತಾರಿಯ ಹಳದಿ ಬಣ್ಣ ಹಗಲಿಗಿಂತ ಆ ದೀಪದಲ್ಲೇ ಚೆಂದ, ನೀಲಿ ಮಾತ್ರ ಕಪ್ಪಿನತ್ತ ವಾಲುತ್ತದೆ. ಅವರು ನೀಲಿಯನ್ನು ಅಷ್ಟು ದಪ್ಪಕ್ಕೆ ಹಚ್ಚಿದ್ದು ಇದಕ್ಕೇ ಇರಬೇಕು ಎನ್ನುವುದು ನನ್ನ ಅಂದಾಜು.

ನಾಲ್ಕನೆಯ ಫಲಕಕ್ಕೆ ನೀಲಿ ಬಿಟ್ಟು 6,000 ರೂಪಾಯಿ ಆಸುಪಾಸು, ನೀಲಿಗೆ ಭಟ್ಟಿ ಸೇರಿ 5,000. ಹಾಳಾದ ಮೂರು ಫಲಕ, ಕಲ್ಲು ಎಲ್ಲ ಕೂಡಿದರೆ ಮೂವತ್ತು ಸಾವಿರ ದಾಟಿದೆ. ಅಷ್ಟು ಹಾಕಲು ಆಗದವರು ಮೂರನೆಯ ಥುಟ್ಮೋಸ್‌ನ ಗೋರಿಯ ಪದ್ಧತಿ ಹಿಡಿಯಬಹುದು. ಅವನ ಮೊಟ್ಟೆಯಾಕಾರದ ಕೋಣೆಯ ಗೋಡೆಗಳು ಬಿಡಿಸಿಟ್ಟ ಪಪೈರಸ್ ಸುರುಳಿಯಂತೆ ಇವೆ: ಮಾಸಲು ಹಿನ್ನೆಲೆ, ಕಪ್ಪು ಕೆಂಪು ಗೆರೆಯ ಕಡ್ಡಿಯಂಥ ಆಕೃತಿಗಳು. ಉಬ್ಬೂ ಬೇಡ, ನೀಲಿಯೂ ಬೇಡ. ಗಾರೆ ಮಾತ್ರ ಇದೇ ಗಾರೆ ಬೇಕು.

ಈಗ ಛಾವಣಿಯ ತುಂಡು ಹಿಡಿದಿದ್ದೇನೆ, ನೀಲಿಯ ಮೇಲೆ ಐದು ಮೊನೆಯ ಹಳದಿ ನಕ್ಷತ್ರಗಳು. ತಲೆಯ ಮೇಲೆ ಹಚ್ಚುವಾಗ ನೀಲಿಯ ಕಾಳು ಕೆಳಗೆ ಉದುರುತ್ತದೆ. ಅಂಟನ್ನು ಒಂದಕ್ಕೆ ಒಂದು ಪಾಲು ನೀರಿಗೆ ತಂದು, ಮೊದಲು ಬರೀ ಅಂಟುನೀರು ಸವರಿ, ಅದು ಅರ್ಧ ಒಣಗಿದಾಗ ನೀಲಿ ಒತ್ತಿದರೆ ನಿಲ್ಲುತ್ತಿದೆ. ನಾಲ್ಕು ಚದರಡಿಗೆ ನೀಲಿ ಮುನ್ನೂರು ಗ್ರಾಂ ಹೋಗಿದೆ, ಇನ್ನೊಂದು ಭಟ್ಟಿ ಹಾಕಬೇಕು.