ನಡೆಯುವ ಹಿಕ್ಕೆ

ನಮ್ಮ ಬಡಾವಣೆಯ ಮಕ್ಕಳಿಗೆ ಹುಳ ತೋರಿಸಲು ಮೊದಲು ಕೆರೆ ಏರಿಗೆ ಕರೆದುಕೊಂಡು ಹೋಗಿದ್ದೆ. ಬರೀ ಗದ್ದಲ. ಏನು ಕಂಡರೂ ಅಮ್ಮಂದಿರದು ಒಂದೇ ಮಾತು: "ಮುಟ್ಬೇಡ, ಕಚ್ಚುತ್ತೆ!"

ಮುಂದಿನ ಭಾನುವಾರ ಎಲ್ಲರನ್ನೂ ನಮ್ಮ ಕರಿಬೇವಿನ ಕುಂಡದ ಮುಂದೆ ಕೂರಿಸಿದೆ. "ಎಲೆ ಮೇಲೆ ಹಕ್ಕಿ ಹಿಕ್ಕೆ ಇದೆ, ಹುಡುಕಿ" ಅಂದೆ. ಸಿಕ್ಕಿತು. ಸ್ವಲ್ಪ ಹೊತ್ತಿಗೆ ಆ ಹಿಕ್ಕೆ ನಡೆಯತೊಡಗಿತು! ಕಿರುಚಾಟ ಕೇಳಬೇಕಿತ್ತು ನೀವು. ಅದು ನಿಂಬೆ ಚಿಟ್ಟೆಯ ಮರಿಹುಳ. ಹಕ್ಕಿಗಳನ್ನು ಏಮಾರಿಸಲು ಚಿಕ್ಕದರಲ್ಲಿ ಈ ವೇಷ, ಬೆಳೆದ ಮೇಲೆ ಎಲೆಯದೇ ಹಸಿರು. ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಹೊರಬರುತ್ತದೆ, ಜೊತೆಗೆ ಗಬ್ಬು ವಾಸನೆ. ಒಂದು ಸಲ ಸಾಕು, ಸುಮ್ನೆ ಕೆಣಕಬಾರದು.

ಮನೆಗೊಂದು ಹುಳ ಬಾಟಲಿಯಲ್ಲಿ ಕೊಟ್ಟೆ. ಮುಚ್ಚಳ ಬಿಗಿಯಾಗಿ ಹಾಕಿದ್ದು ನನ್ನ ತಪ್ಪು. ಒಳಗೆಲ್ಲ ತೇವ, ಬೂಸ್ಟು. ಎರಡು ಹುಳ ಸತ್ತವು. ಈಗ ಬಾಯಿಗೆ ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ದಿನಾ ಹೊಸ ಎಲೆ. ಒಳಗೊಂದು ಒರಟು ಕಡ್ಡಿ ಬೇಕೇಬೇಕು, ಕೋಶ ಕಟ್ಟುವುದು ಅದರ ಮೇಲೆ. ಚಿಟ್ಟೆ ಹೊರಬಂದು ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ಳುವುದಕ್ಕೂ ಅದೇ ಆಸರೆ.

ಒಂದು ಮನೆಯ ಕೋಶದಿಂದ ಚಿಟ್ಟೆ ಬರಲೇ ಇಲ್ಲ. ಸಣ್ಣ ತೂತು ಬಿತ್ತು, ಅದರಿಂದ ಸಾಸಿವೆಗಿಂತ ಚಿಕ್ಕ ಕಣಜಗಳು ಹತ್ತಾರು ಬಂದವು. ತಾಯಿ ಕಣಜ ಕೋಶದೊಳಗೆ ಮೊಟ್ಟೆ ಇಟ್ಟಿತ್ತು, ಮರಿಗಳು ಒಳಗೇ ತಿಂದು ಬೆಳೆದಿದ್ದವು. ಹುಡುಗಿ "ಮೋಸ!" ಎಂದು ಅತ್ತಳು. ಏನು ಹೇಳಬೇಕೋ ನನಗೆ ತೋಚಲಿಲ್ಲ.

ಅಷ್ಟರಲ್ಲಿ ಅವಳ ಅಜ್ಜಿ ಕಿಟಕಿ ಮೂಲೆಯ ಕುಂಬಾರ ಹುಳದ ಮಣ್ಣಿನ ಗೂಡು ತೋರಿಸಿದರು. "ಇದೂ ಹುಳ ಹಿಡ್ಕೊಂಡು ಬರುತ್ತೆ. ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ಅದನ್ನ ತನ್ನ ಹಾಗೇ ಮಾಡ್ಕೊಳ್ಳುತ್ತೆ ಅಂತಾರಪ್ಪ." ಭ್ರಮರ-ಕೀಟದ ಕಥೆ, ನಾವೆಲ್ಲ ಕೇಳಿದ್ದೇ ಅಲ್ವಾ? ನಾನು ವಾದ ಮಾಡಲಿಲ್ಲ. ಒಂದು ಗೂಡನ್ನು ಚಾಕುವಿನ ತುದಿಯಿಂದ ಬಿಡಿಸಿದೆವು. ಒಳಗೆ ಮಿಸುಕಾಡದೆ ಬಿದ್ದಿದ್ದ ಹಸಿರು ಹುಳಗಳು, ಅವುಗಳಲ್ಲೊಂದನ್ನು ತಿನ್ನುತ್ತಿದ್ದ ಬಿಳಿ ಮರಿ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಅಯ್ಯೋ, ಬುತ್ತಿ ಕಟ್ಟಿಟ್ಟು ಹೋಗಿದ್ಯಲ್ಲ ಇದರಮ್ಮ!"

ಹುಡುಗಿ ಅಳು ಮರೆತು ತಾನೂ ಬಗ್ಗಿದಳು.