ಲೈನ್ ಮನೆಗಳಲ್ಲಿ ಮಕ್ಕಳು ಬೀಳದಂತೆ: ನಾವು ಮಾಡಿದ ರಿಪೇರಿಗಳು

ಕೊಡಗಿನ ಸಿದ್ದಾಪುರ, ಅಮ್ಮತ್ತಿ ಕಡೆಯ ಕಾಫಿ ತೋಟಗಳಲ್ಲಿ ಎಷ್ಟೋ ಲೈನ್ ಮನೆಗಳು (ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಮನೆಗಳು) ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿವೆ. ಹಿಂದೆ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ; ಮುಂದೆ ಅಂಗಳ ಮುಗಿದ ಕೂಡಲೇ ಇಳಿಜಾರು. ಕುಯ್ಲಿನ ತಿಂಗಳುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ. ಅಂಬೆಗಾಲಿನ ಕೂಸನ್ನು ನೋಡಿಕೊಳ್ಳುವುದು ಏಳೆಂಟು ವರ್ಷದ ಅಕ್ಕ. ಅಂಥ ಮನೆಗೆ ಹೋಗಿ ‘ಮಗು ಜೋಪಾನ’ ಎಂದು ಹೇಳಿ ಬಂದರೆ ಏನೂ ಆಗದು. ಜಾಗವನ್ನೇ ಸರಿಮಾಡಬೇಕು.

ಮೊದಲು ಅಂಗಳದ ಅಂಚು. ಎರಡು ಅಡಿಗಿಂತ ಆಳ ಇರುವಲ್ಲೆಲ್ಲ ಮೂರು ಅಡಿ ಎತ್ತರದ ಬೇಲಿ ಹಾಕಿಸಿದೆವು. ಬಿದಿರಿನ ಗೂಟ ಮಣ್ಣಲ್ಲಿ ಹೂತರೆ ಒಂದೆರಡು ಮಳೆಗಾಲಕ್ಕೇ ಬುಡ ಕೊಳೆಯುತ್ತದೆ. ಹಾಗಾಗಿ ಕಂಬಕ್ಕೆ ತೋಟದಲ್ಲೇ ಬಿದ್ದಿರುವ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಒಂದೂವರೆ ಅಡಿ ಆಳ, ಸುತ್ತ ಕಲ್ಲು ಬಡಿದು ಕಾಂಕ್ರೀಟು. ನಡುವೆ ಬಿದಿರಿನ ಸೀಳು ಸಾಕು, ಆದರೆ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಅಡ್ಡ ಕಟ್ಟಿದರೆ ಮಕ್ಕಳಿಗೆ ಅದೇ ಏಣಿ. ಸೀಳುಗಳ ಸಂದು 10 ಸೆಂ.ಮೀ. ಮೀರಬಾರದು, ಮೀರಿದರೆ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಬೇಲಿಯ ಪಕ್ಕ ನೀರಿನ ಡ್ರಮ್ಮು, ಸೌದೆ ರಾಶಿ ಇದ್ದರೆ ಬೇಲಿ ಇದ್ದೂ ಇಲ್ಲದ ಹಾಗೆ.

ಮೆಟ್ಟಿಲಿನ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಮಳೆ ಹಿಡಿದ ಮೇಲೆ ಸಿಮೆಂಟು ಕೂರುವುದಿಲ್ಲ, ಪಾಚಿಯೂ ಬಿಡುವುದಿಲ್ಲ. ತಂತಿ ಬ್ರಷ್‌ನಲ್ಲಿ ಉಜ್ಜಿ, ಬ್ಲೀಚಿಂಗ್ ಪೌಡರ್ ಕಲಸಿ ಬಳಿದು, ಅರ್ಧ ಗಂಟೆ ಮಕ್ಕಳನ್ನೂ ಕೋಳಿಗಳನ್ನೂ ದೂರವಿಟ್ಟು ತೊಳೆಯುವುದು. ಮೇಸ್ತ್ರಿಗಳಿಗೆ ನುಣ್ಣಗೆ ತೀಡುವ ಚಟ. ತಡೆದು, ಹಸಿ ಸಿಮೆಂಟಿನ ಮೇಲೆ ಅಡ್ಡಡ್ಡ ಪೊರಕೆ ಎಳೆಸಿ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಲಿ, ಸುಮಾರು 15 ಸೆಂ.ಮೀ. ಒಂದು ಹೆಚ್ಚುಕಮ್ಮಿಯಾದರೂ ಕಾಲು ಎಡವುವುದು ಅಲ್ಲೇ. ಪಕ್ಕದಲ್ಲಿ ಹಿಡಿದುಕೊಳ್ಳುವ ಕಂಬಿ ಎರಡು ಬೇಕು: ದೊಡ್ಡವರಿಗೆ ಮೂರು ಅಡಿಗೆ, ಮಕ್ಕಳಿಗೆ ಎರಡು ಅಡಿಗೆ.

ಸೀರೆ ಜೋಲಿ ಕಟ್ಟುವ ಜಂತಿಗೆ ಗೆದ್ದಲು ಹಿಡಿದಿದೆಯೇ ಎಂದು ಮೊಳೆ ಚುಚ್ಚಿ ನೋಡಿ. ಜೋಲಿಯ ತಳ ನೆಲದಿಂದ ಒಂದು ಅಡಿಗಿಂತ ಮೇಲೆ ಬೇಡ. ಕೆಳಗೆ ಮಡಚಿದ ಕಂಬಳಿ.

ಇಷ್ಟಕ್ಕೂ ಮನೆ ತೋಟದ ಮಾಲೀಕರದ್ದು, ರಿಪೇರಿಗೆ ಅವರನ್ನೇ ಕೇಳಬೇಕು. ಒಬ್ಬೊಬ್ಬರೇ ಹೋಗಿ ಕೇಳಲು ಕಾರ್ಮಿಕರಿಗೆ ಅಂಜಿಕೆ, ಮನೆಯೇ ಹೋದೀತೆಂದು. ಇಡೀ ಲೈನಿನ ಪಟ್ಟಿ ಮಾಡಿ, ಕುಯ್ಲಿಗೆ ಆಳು ಬೇಕಾಗುವ ಮುಂಚೆ, ನವೆಂಬರ್ ಹೊತ್ತಿಗೆ ಕೇಳಿದರೆ ಮಾತು ನಡೆಯುತ್ತದೆ. ಮೆಟ್ಟಿಲಿಗೆ ಮೇ ತನಕ ಸಮಯವೂ ಸಿಗುತ್ತದೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟಗಳಿಗೆ ಶಿಶುಪಾಲನಾ ಕೋಣೆ ಕಡ್ಡಾಯ ಮಾಡಿತ್ತು, ಸಣ್ಣ ತೋಟ ಅದರ ಲೆಕ್ಕಕ್ಕೇ ಬರಲಿಲ್ಲ. ಅಂಥ ಕಡೆ ಅಕ್ಕಪಕ್ಕದ ಎರಡು ಮೂರು ತೋಟದವರು ಸೇರಿ, ಕುಯ್ಲು ಮುಗಿಯುವವರೆಗೆ ಒಬ್ಬ ಅಜ್ಜಿಗೆ ದಿನಗೂಲಿ ಕೊಟ್ಟು ಮಕ್ಕಳನ್ನು ಒಂದೇ ಕಡೆ ಕೂರಿಸುವುದು ಬೇಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.