ಆಗಸ್ಟ್ ಕೊನೆಯ ಪಾತಿಗಳು: ಬ್ರಿಟನ್ನಿನ ಅಲಾಟ್‌ಮೆಂಟ್‌ನಲ್ಲಿ ಬೇಸಿಗೆ ಇಳಿಯುವಾಗ ಮಾಡಬೇಕಾದ ಕೆಲಸಗಳು

ಬ್ರಿಟನ್ನಿನಲ್ಲಿ ತರಕಾರಿ ಬೆಳೆದುಕೊಳ್ಳಲೆಂದು ವರ್ಷದ ಬಾಡಿಗೆಗೆ ಸಿಗುವ ಅಲಾಟ್‌ಮೆಂಟ್ ಎಂಬ ತುಂಡು ನೆಲವನ್ನು ಮೊದಲ ಸಲ ಹಿಡಿದವರು ವಸಂತದಲ್ಲಿ ಹುರುಪಿನಿಂದ ಅಗೆದು ಬಿತ್ತುತ್ತಾರೆ. ಆಗಸ್ಟ್ ಬರುವ ಹೊತ್ತಿಗೆ ಇನ್ನು ಕೊಯ್ಯುವುದಷ್ಟೇ ಬಾಕಿ ಎಂದುಕೊಂಡು ಕೈ ಸಡಿಲ ಬಿಡುತ್ತಾರೆ. ಹಳೆಯ ಲೆಕ್ಕದ ಪೂರ್ಣ ಅಲಾಟ್‌ಮೆಂಟ್ 10 ಪೋಲ್, ಅಂದರೆ ಸುಮಾರು 250 ಚದರ ಮೀಟರ್. ಈಗ ಹಲವೆಡೆ ಅದರ ಅರ್ಧವನ್ನೇ ಕೊಡುತ್ತಾರಾದರೂ, ಎರಡು ವಾರ ಯಾರೂ ಕಾಲಿಡದಿದ್ದರೆ ಆ ಅರ್ಧವೂ ಕಾಡಾಗುತ್ತದೆ. ಲಂಡನ್ನಿನ ಸುತ್ತ ಆಗಸ್ಟ್ ಆರಂಭದಲ್ಲಿ 15 ಗಂಟೆ ಮೀರಿರುವ ಹಗಲು ತಿಂಗಳ ಕೊನೆಗೆ ಹದಿಮೂರೂವರೆ ಗಂಟೆಗೆ ಇಳಿದಿರುತ್ತದೆ. ದಿನಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಬೆಳಕು ಕಳೆದುಹೋಗುವ ಈ ದಿನಗಳಲ್ಲಿ ಯಾವ ಗಿಡವನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು, ಖಾಲಿಯಾದ ಜಾಗಕ್ಕೆ ಏನನ್ನು ಹಾಕಬೇಕು ಎಂದು ವಾರ ವಾರವೂ ತೀರ್ಮಾನಿಸುತ್ತಿರಬೇಕಾಗುತ್ತದೆ.

ಮೊದಲಿಗೆ ಕೊಯ್ಲಿನ ಮಾತು. ಬೀನ್ಸ್, ಕೋರ್ಜೆಟ್ (ಜುಕಿನಿ), ಸೌತೆ ಇವುಗಳ ವಿಷಯದಲ್ಲಿ ಕೊಯ್ಯುವುದೇ ಆರೈಕೆ. ಒಳಗೆ ಬೀಜ ಬಲಿಯತೊಡಗಿದರೆ ಗಿಡ ತನ್ನ ಕೆಲಸ ಮುಗಿಯಿತೆಂದು ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಕೋರ್ಜೆಟ್ 10ರಿಂದ 15 ಸೆಂಟಿಮೀಟರ್ ಇರುವಾಗಲೇ ಕತ್ತರಿಸಬೇಕು. ರನ್ನರ್ ಬೀನ್ಸನ್ನು ಎರಡು ಮೂರು ದಿನಕ್ಕೊಮ್ಮೆ ಬಿಡಿಸಬೇಕು. ಬಿಡಿಸುವಾಗ ಹೊರಗಿನಿಂದ ನೋಡಿದರೆ ಸಾಲದು. ಕೋಲುಗಳ ಚಪ್ಪರದ ಒಳಕ್ಕೆ ತಲೆ ಹಾಕಿ, ಬೆಳಕಿಗೆ ಎದುರಾಗಿ ಮೇಲಕ್ಕೆ ನೋಡಿದರೆ ಎಲೆಗಳ ಮರೆಯಲ್ಲಿ ನೇತಾಡುವ ಕಾಯಿಗಳ ನೆರಳು ಸಾಲುಸಾಲಾಗಿ ಕಾಣುತ್ತದೆ. ಒಂದು ಕಾಯಿಯನ್ನು ಬಾಗಿಸಿದಾಗ ಚಟ್ಟೆಂದು ಮುರಿದರೆ ಅದು ಎಳೆಯದು. ಬಾಗಿ ಉಳಿದು, ಮುರಿದಲ್ಲಿ ನಾರು ಎಳೆಎಳೆಯಾಗಿ ಬಂದರೆ ಬಲಿತದ್ದು. ಬಲಿತದ್ದು ಅಡುಗೆಗೆ ಬಾರದಿದ್ದರೂ ಗಿಡದ ಮೇಲೆ ಬಿಡದೆ ಕಿತ್ತು ಗೊಬ್ಬರದ ರಾಶಿಗೆ ಹಾಕಬೇಕು. ರಜೆಗೆ ಹೋಗುವುದಿದ್ದರೆ ಹೊರಡುವ ಮುನ್ನಾದಿನ ಬೆರಳುದ್ದದ ಕಾಯಿಯನ್ನೂ ಬಿಡದೆ ಕಿತ್ತು, ಪಕ್ಕದ ತುಂಡಿನವರಿಗೆ ‘ಬಿಡಿಸಿಕೊಳ್ಳಿ, ಬಿಡಿಸಿದ್ದೆಲ್ಲ ನಿಮ್ಮದೇ’ ಎಂದು ಹೇಳಿ ಹೋಗುವುದು ಜಾಣತನ. ನೀರು ಹಾಕಿ ಎಂದಷ್ಟೇ ಕೇಳಿಕೊಂಡರೆ, ಮರಳುವಾಗ ಮೊಳಕೈಯುದ್ದದ ಕೋರ್ಜೆಟ್‌ಗಳು ಕಾಯುತ್ತಿರುತ್ತವೆ.

ನೀರಿನ ವಿಷಯದಲ್ಲಿ ದಿನಾ ಸ್ವಲ್ಪ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಕುವುದು ಮೇಲು. ಒಂದು ಚದರ ಮೀಟರಿಗೆ 25 ಲೀಟರ್ ಹಾಕಿದರೆ 25 ಮಿಲಿಮೀಟರ್ ಮಳೆ ಬಂದಷ್ಟಾಗುತ್ತದೆ. 10 ಲೀಟರಿನ ಕ್ಯಾನಿನಲ್ಲಿ ಅದು ಎರಡೂವರೆ ಸಲ. ತೊಟ್ಟಿಯಿಂದ ಹೊತ್ತು ತರಬೇಕಾದವರು ಎಲ್ಲ ಗಿಡಕ್ಕೂ ಸಮನಾಗಿ ಹಂಚುವ ಬದಲು ಹೂವು ಕಾಯಿ ಹಿಡಿದಿರುವ ಬೀನ್ಸ್, ಕೋರ್ಜೆಟ್, ಟೊಮೆಟೊಗಳಿಗೂ ಈಚೆಗೆ ನೆಟ್ಟ ಸಸಿಗಳಿಗೂ ಆದ್ಯತೆ ಕೊಡಬೇಕು. ಎಲೆ ಬಾಗುತ್ತಿರುವ ಈರುಳ್ಳಿಗೆ ನೀರು ಬೇಕೇ ಇಲ್ಲ. ಬೇಸಿಗೆಯ ಈ ತುದಿಯಲ್ಲಿ ರಾತ್ರಿಗಳು ತಂಪಾಗಿ ಇಬ್ಬನಿ ಹೆಚ್ಚುವುದರಿಂದ ಸಂಜೆಗಿಂತ ಬೆಳಗ್ಗೆ, ಎಲೆ ನೆನೆಯದಂತೆ ಬುಡಕ್ಕೆ ಹಾಕುವುದು ಒಳ್ಳೆಯದು. ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಕುಸಿಯುವುದಕ್ಕೆ ಹೆಚ್ಚಿನ ಸಲ ನೀರಿನ ಏರುಪೇರೇ ಕಾರಣ: ಬೇರು ಒಣಗಿದಾಗ ಸುಣ್ಣದಂಶ ಹಣ್ಣಿನ ತುದಿಯವರೆಗೆ ತಲುಪುವುದಿಲ್ಲ. ಕೋರ್ಜೆಟ್ ಎಲೆಯ ಮೇಲಿನ ಬೂದಿ ರೋಗಕ್ಕೂ ಒಣಗಿದ ಬೇರು ಅನುಕೂಲ ಮಾಡಿಕೊಡುತ್ತದೆ.

ಬಯಲಿನಲ್ಲಿ ಬೆಳೆದ ಟೊಮೆಟೊಗೆ ಈಗ ಕಡಿವಾಣ ಹಾಕಬೇಕು. ಒಂದೇ ಕಾಂಡದಲ್ಲಿ ಎತ್ತರಕ್ಕೆ ಬೆಳೆಯುವ ಜಾತಿಯಾದರೆ ನಾಲ್ಕನೆಯ ಗೊಂಚಲಿನ ಮೇಲೆ ಎರಡು ಎಲೆ ಬಿಟ್ಟು ಕುಡಿ ಚಿವುಟಬೇಕು. ಎಲೆಯ ಕಂಕುಳಲ್ಲಿ ಬರುವ ಕವಲುಗಳನ್ನೂ ತೆಗೆಯುತ್ತಿರಬೇಕು. ಆಗಸ್ಟ್ ನಡುವಿನ ನಂತರ ಕಚ್ಚುವ ಕಾಯಿ ಬಯಲಿನಲ್ಲಿ ಹಣ್ಣಾಗುವ ಸಂಭವ ಬಹಳ ಕಡಿಮೆ. ನಿಜವಾದ ಭಯ ಅಂಗಮಾರಿ ರೋಗದ್ದು. ಟೊಮೆಟೊ, ಆಲೂಗಡ್ಡೆ ಎರಡನ್ನೂ ಹಿಡಿಯುವ ಈ ರೋಗದ ಮುನ್ಸೂಚನೆಗೆ ಬ್ರಿಟನ್ನಿನಲ್ಲಿ 2017ರಿಂದ ಹಟನ್ ಮಾನದಂಡ ಬಳಕೆಯಲ್ಲಿದೆ: ಸತತ ಎರಡು ದಿನ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯದೆ, ಎರಡೂ ದಿನ ಕನಿಷ್ಠ ಆರು ಗಂಟೆ ಗಾಳಿಯ ತೇವಾಂಶ ಶೇ. 90 ಅಥವಾ ಹೆಚ್ಚಿದ್ದರೆ ಅಪಾಯ ಎದುರಾಗಿದೆ ಎಂದರ್ಥ. ಎಲೆಯ ಅಂಚಿನಲ್ಲಿ ನೀರು ಹೀರಿದಂತಿರುವ ಕಂದು ಮಚ್ಚೆ, ಅದನ್ನು ಮಗುಚಿದರೆ ಮಚ್ಚೆಯ ಸುತ್ತ ತೆಳುವಾದ ಬಿಳಿ ಬೂಷ್ಟು, ಕಾಂಡದ ಮೇಲೆ ಕಪ್ಪು ಗೆರೆ — ಇಷ್ಟು ಕಂಡರೆ ನಾಳೆಗೆ ಎಂದು ಮುಂದೂಡಬಾರದು. ಒಂದು ಶನಿವಾರ ಮೂರು ಎಲೆಗಳಲ್ಲಿ ಮಚ್ಚೆ ಕಂಡೂ, ಮಳೆ ಬರುತ್ತಿದೆಯೆಂದು ನಾನು ಮನೆಗೆ ಹೋದೆ. ಮುಂದಿನ ಶನಿವಾರದ ಹೊತ್ತಿಗೆ ಸಾಲು ಪೂರ್ತಿ ಕಪ್ಪಾಗಿ, ಕೊಳೆತ ವಾಸನೆ ಗೇಟಿನವರೆಗೂ ಬರುತ್ತಿತ್ತು. ಆಲೂಗಡ್ಡೆಯ ಸಾಲಿನಲ್ಲಿ ರೋಗ ಕಂಡ ದಿನವೇ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಸೊಪ್ಪನ್ನು ಹೊರಗೆ ಸಾಗಿಸಿ, ಗಡ್ಡೆಯನ್ನು ಎರಡು ಮೂರು ವಾರ ಮಣ್ಣಿನಲ್ಲೇ ಬಿಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ ಅಗೆಯುವಾಗ ಚಿಕ್ಕ ಗಡ್ಡೆಯನ್ನೂ ಹುಡುಕಿ ತೆಗೆಯಬೇಕು. ರೋಗ ಚಳಿಗಾಲ ಕಳೆಯುವುದು ಹೀಗೆ ಉಳಿದುಬಿಟ್ಟ ಜೀವಂತ ಗಡ್ಡೆಗಳಲ್ಲಿ.

ಈರುಳ್ಳಿಯ ಎಲೆಗಳು ತಾವಾಗಿಯೇ ಬಾಗುವವರೆಗೆ ಕಾಯಬೇಕು. ಕೈಯಿಂದ ಬಗ್ಗಿಸಿದರೆ ಬೇಗ ಬಲಿಯುತ್ತದೆ ಎಂಬ ಹಳೆಯ ಮಾತನ್ನು ನಂಬಬಾರದು. ಗಾಯಗೊಂಡ ಕುತ್ತಿಗೆಯಿಂದಲೇ ಕೊಳೆ ಒಳಗೆ ಹೋಗುತ್ತದೆ. ಒಣ ದಿನ ನೋಡಿ ಕಿತ್ತು, ಗಾಳಿಯಾಡುವಲ್ಲಿ ಹರಡಿ, ಕುತ್ತಿಗೆ ಕಾಗದದಂತೆ ಸರಸರ ಎನ್ನುವವರೆಗೆ ಒಣಗಿಸಬೇಕು. ದಪ್ಪ ಕುತ್ತಿಗೆಯವನ್ನು ಮೊದಲು ತಿಂದು ಮುಗಿಸುವುದು ಲೇಸು. ಸಿಹಿಗುಂಬಳದ ಅಡಿಗೆ ಒಂದು ಹಂಚು ಇಟ್ಟು, ಉಗುರು ಒತ್ತಿದರೆ ಇಳಿಯದಷ್ಟು ತೊಗಟೆ ಗಟ್ಟಿಯಾದ ಮೇಲೆ, ಹಿಮ ಬೀಳುವ ಮುನ್ನ ತೊಟ್ಟು ಸಮೇತ ಕತ್ತರಿಸಿ ಬಿಸಿಲಿಗಿಡಬೇಕು.

ಚಳಿಗಾಲಕ್ಕೆಂದು ನೆಟ್ಟ ಕೋಸು, ಬ್ರಸಲ್ಸ್ ಸ್ಪ್ರೌಟ್ಸ್ ಗಿಡಗಳಿಗೆ ಬಿಳಿ ಚಿಟ್ಟೆಯ ಕಾಟ ಈಗ ಜೋರು. ವಾರಕ್ಕೆರಡು ಸಲ ಎಲೆ ಮಗುಚಿ, ಹಳದಿ ಮೊಟ್ಟೆಗಳ ಗುಂಪನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟರೆ ಸಾಕು. ಬಲೆ ಹೊದಿಸುವವರು ಅದು ಎಲೆಗೆ ತಾಗದಂತೆ ಎತ್ತರಿಸಬೇಕು. ತಾಗಿದರೆ ಚಿಟ್ಟೆ ಹೊರಗೆ ಕುಳಿತೇ ಮೊಟ್ಟೆ ಇಡುತ್ತದೆ.

ಇನ್ನು ಖಾಲಿಯಾದ ಪಾತಿಗಳು. ನನ್ನ ದೃಷ್ಟಿಯಲ್ಲಿ ಈ ತಿಂಗಳ ಅತಿ ಮುಖ್ಯ ಕೆಲಸ ಇದೇ, ಜನ ಹೆಚ್ಚಾಗಿ ಮರೆಯುವುದೂ ಇದನ್ನೇ. ಹಗಲು ಕುಗ್ಗುತ್ತಿರುವುದರಿಂದ ಬಿತ್ತನೆ ಹದಿನೈದು ದಿನ ತಡವಾದರೆ ಕೊಯ್ಲು ಅದಕ್ಕಿಂತ ಬಹಳ ಹೆಚ್ಚು ತಡವಾಗುತ್ತದೆ. ಕೆಲವು ಬೆಳೆ ಕೈಗೇ ಹತ್ತುವುದಿಲ್ಲ. ವಸಂತದ ಕೋಸು, ಚಳಿಗಾಲ ತಡೆಯುವ ಈರುಳ್ಳಿ, ಪಾಕ್ ಚೊಯ್, ಪಾಲಕ್, ಮೆಂತ್ಯ ಎಲ್ಲವನ್ನೂ ಆಗಸ್ಟಿನಲ್ಲಿ ಬಿತ್ತಬಹುದು. ಜೂನಿನಲ್ಲಿ ಬಿತ್ತಿದಾಗ ಬೇಗನೆ ಹೂವಿಗೆ ಹೋಗುವ ಕೊತ್ತಂಬರಿ ಈಗ ಬಿತ್ತಿದರೆ ಹೆಚ್ಚು ದಿನ ಸೊಪ್ಪು ಕೊಡುತ್ತದೆ. ಮಣ್ಣು ಒಣಗಿದ್ದರೆ ಗೀರು ಎಳೆದು ಮೊದಲು ಅದರೊಳಗೆ ಕ್ಯಾನಿನ ಮೂತಿಯಿಂದ ನೇರ ನೀರು ಸುರಿದು, ಇಂಗಿದ ಮೇಲೆ ಬೀಜ ಉದುರಿಸಿ, ಪಕ್ಕದ ಒಣ ಮಣ್ಣನ್ನೇ ಮೇಲೆ ಎಳೆಯಬೇಕು; ಹೀಗೆ ಮಾಡಿದರೆ ಮೇಲ್ಪದರ ಹೆಕ್ಕಳೆ ಕಟ್ಟುವುದಿಲ್ಲ, ತೇವವೂ ಬೀಜದ ಬಳಿಯೇ ಉಳಿಯುತ್ತದೆ. ಲೆಟ್ಯೂಸ್ ಬೀಜಕ್ಕೆ 25 ಡಿಗ್ರಿ ಮೀರಿದ ಮಣ್ಣು ಆಗುವುದಿಲ್ಲವಾದ್ದರಿಂದ ಅದನ್ನು ಇಳಿಹೊತ್ತಿನಲ್ಲಿ ಬಿತ್ತಬೇಕು. ಬಿತ್ತಲು ಏನೂ ಇಲ್ಲದ ಪಾತಿಗೆ ಸೆಪ್ಟೆಂಬರ್ ನಡುವಿನೊಳಗೆ ಫಸೀಲಿಯಾ ಅಥವಾ ಸಾಸಿವೆಯನ್ನು, ತಡವಾದರೆ ರೈ ಎಂಬ ಧಾನ್ಯವನ್ನು ಹಸಿರೆಲೆ ಗೊಬ್ಬರವಾಗಿ ಎರಚಬಹುದು. ಸಾಸಿವೆ ಕೋಸಿನ ಬಳಗದ್ದೇ ಆದ್ದರಿಂದ ಮುಂದಿನ ವರ್ಷ ಕೋಸು ಹಾಕುವಲ್ಲಿ ಬೇಡ. ಮುಗಿದ ಬೀನ್ಸ್ ಗಿಡವನ್ನು ಕೀಳದೆ ನೆಲಮಟ್ಟದಲ್ಲಿ ಕತ್ತರಿಸಿ, ಗಂಟುಗಳಿರುವ ಬೇರನ್ನು ಮಣ್ಣಿನಲ್ಲೇ ಬಿಡಬೇಕು.

ಕಳೆಯನ್ನು ಬೀಜ ಕಟ್ಟುವ ಮೊದಲು, ಒಣ ಬೆಳಗ್ಗೆ ಹೆರೆದು ಅಲ್ಲೇ ಬಿಟ್ಟರೆ ಮಧ್ಯಾಹ್ನದೊಳಗೆ ಬಾಡುತ್ತದೆ. ಗ್ರೌಂಡ್‌ಸೆಲ್ ಎಂಬ ಸಣ್ಣ ಹಳದಿ ಹೂವಿನ ಕಳೆ ಮಾತ್ರ ಕಿತ್ತ ಮೇಲೂ ಬೀಜ ಬಲಿಸಿಕೊಳ್ಳುವುದರಿಂದ ಅದನ್ನು ಆಯ್ದು ಹೊರಗೆ ಹಾಕಬೇಕು. ಉಳುಮೆಯಿಲ್ಲದೆ ಕಳೆ ತುಂಬಿದ ತುಂಡುಗಳಿಗೆ ನೋಟಿಸು ಬರುವುದೂ ಉಂಟು.

ಸಾಲುಗಳನ್ನು ತೆರವು ಮಾಡುವ ಮೊದಲು ಒಂದು ಕಾಗದದಲ್ಲಿ ಯಾವ ಪಾತಿಯಲ್ಲಿ ಏನಿತ್ತು, ರೋಗ ಎಲ್ಲಿ ಕಂಡಿತು ಎಂದು ಗುರುತು ಹಾಕಿ ದಿನಾಂಕ ಬರೆದಿಡಬೇಕು. ಮಾರ್ಚಿನಲ್ಲಿ ಬೆಳೆ ಬದಲಿಸಲು ಹೊರಟಾಗ ಬರಿಯ ನೆಲ ನೋಡಿ ಆಲೂಗಡ್ಡೆ ಎಲ್ಲಿತ್ತೆಂದು ನೆನಪಿಸಿಕೊಳ್ಳುವುದು ಆಗದ ಕೆಲಸ.